ಓಪಲ್ ಬ್ಯಾಂಡ್ ಮತ್ತು ಅದರ ಒಂದೇ ಆಲ್ಬಂ: ನಾನು ಎಡವಿದ ಜಾಗಗಳ ಟಿಪ್ಪಣಿ

ನಿಯೋ-ಸೈಕೆಡೆಲಿಕ್ ರಾಕ್ (ಕನಸು, ಭ್ರಮೆಯ ಹಾಗೆ ತೇಲುವ ಹಳೆಯ ಸೈಕೆಡೆಲಿಕ್ ರಾಕ್‌ನ ಹೊಸ ರೂಪ) ಬಗ್ಗೆ ಓದುತ್ತಾ ಓಪಲ್ ಹತ್ತಿರ ಬಂದವನು ಮೂರು ದಿನ ಅಲ್ಲೇ ಸಿಕ್ಕಿಹಾಕಿಕೊಂಡೆ. ಗಂಟು ಈಗಷ್ಟೇ ಬಿಚ್ಚಿದೆ. ಮರೆಯುವ ಮುಂಚೆ ಬರೆದಿಡುತ್ತೇನೆ. ಇದನ್ನೇ ಓದುತ್ತಿರುವ ನಿಮಗೂ ಉಪಯೋಗ ಆಗಬಹುದು.

ಹಿನ್ನೆಲೆ

1980ರ ದಶಕದ ಮೊದಲಲ್ಲಿ ಲಾಸ್ ಏಂಜಲೀಸ್‌ನ ಕೆಲವು ಬ್ಯಾಂಡ್‌ಗಳು 1960ರ ದಶಕದ ಸೈಕೆಡೆಲಿಕ್ ಸಂಗೀತವನ್ನು ಮತ್ತೆ ಕೈಗೆತ್ತಿಕೊಂಡವು. ಇವಕ್ಕೆ ಪೇಸ್ಲಿ ಅಂಡರ್‌ಗ್ರೌಂಡ್ ಅಂತ ಹೆಸರಿಟ್ಟವನು ದ ಥ್ರೀ ಓಕ್ಲಾಕ್ ಬ್ಯಾಂಡಿನ ಮೈಕೆಲ್ ಕ್ವೆರ್ಸಿಯೋ. ಪೇಸ್ಲಿ ಅಂದರೆ ಬೇರೇನೂ ಅಲ್ಲ, ನಮ್ಮ ಸೀರೆಗಳಲ್ಲಿ ಕಾಣುವ ಮಾವಿನಕಾಯಿ ಡಿಸೈನ್. ಕಾಶ್ಮೀರದ ಶಾಲುಗಳಿಂದ ಸ್ಕಾಟ್ಲೆಂಡಿನ ಪೇಸ್ಲಿ ಎಂಬ ಊರಿನ ಮಗ್ಗಗಳಿಗೆ ಹೋಗಿ ಆ ಊರಿನ ಹೆಸರು ಪಡೆಯಿತು. 1960ರ ದಶಕದಲ್ಲಿ ಸೈಕೆಡೆಲಿಕ್ ಸಂಗೀತಗಾರರ ಅಂಗಿಗಳ ಮೇಲೂ ಬಂತು. ಇದು ಗೊತ್ತಾದ ಮೇಲೆ ಆ ಹೆಸರು ನನಗೆ ಮರೆತಿಲ್ಲ.

ಡೇವಿಡ್ ರೋಬ್ಯಾಕ್ ಗಿಟಾರ್ ವಾದಕ. ರೇನ್ ಪರೇಡ್ ಬ್ಯಾಂಡಿನಲ್ಲಿದ್ದು, 1983ರ ಮೊದಲ ಆಲ್ಬಂ ಆದ ಮೇಲೆ ಹೊರಬಂದ. ಕೆಂಡ್ರಾ ಸ್ಮಿತ್ ದ ಡ್ರೀಮ್ ಸಿಂಡಿಕೇಟ್ ಬ್ಯಾಂಡಿನ 1982ರ ಆಲ್ಬಂನಲ್ಲಿ ಬೇಸ್ ಗಿಟಾರ್ ನುಡಿಸಿದವಳು, ಓಪಲ್‌ನ ಗಾಯಕಿಯೂ ಅವಳೇ. ಇವರಿಬ್ಬರ ಜೊತೆಗೆ ಡ್ರಮ್ಸ್‌ಗೆ ಕೀತ್ ಮಿಚೆಲ್. ಓಪಲ್ ಬ್ಯಾಂಡಿನ ಬುಡ ಈ ಮೂವರೇ.

ನಾನು ಎಡವಿದ್ದು ಇಲ್ಲಿ

ಓಪಲ್‌ನದು ಒಂದೇ ಆಲ್ಬಂ ಅಂತ ಎಲ್ಲ ಕಡೆ ಓದಿದ್ದೆ. ಪಟ್ಟಿ ನೋಡಿದರೆ ಎರಡು ಕಾಣಿಸಿದವು. 1987ರ 'ಹ್ಯಾಪಿ ನೈಟ್‌ಮೇರ್ ಬೇಬಿ', 1989ರ 'ಅರ್ಲಿ ರೆಕಾರ್ಡಿಂಗ್ಸ್'. ಹಾಗಾದರೆ ಒಂದೇ ಅಂತ ಯಾಕೆ ಹೇಳುತ್ತಾರೆ?

ನಾನು ವರ್ಷದ ಕ್ರಮದಲ್ಲೇ ಕೇಳಿದೆ. ಮೊದಲು 1987ರದು: ಗಿಟಾರ್ ದಪ್ಪ, ಸದ್ದು ಜಾಸ್ತಿ. ಆಮೇಲೆ 1989ರದು: ಮೆತ್ತಗಿನ ಅಕೂಸ್ಟಿಕ್ ಗಿಟಾರ್, ಶಾಂತವಾದ ದನಿ. "ಓಹೋ, ಗದ್ದಲದಿಂದ ಶುರುವಾಗಿ ಕೊನೆಗೆ ಮೌನದ ಕಡೆಗೆ ಬಂದರು" ಅಂತ ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಅದು ಪೂರ್ತಿ ತಲೆಕೆಳಗು.

ಹೆಸರೇ ಹೇಳುತ್ತಿದೆ ನೋಡಿ, 'ಅರ್ಲಿ'. ಅದು ಮೊದಲಿನ ಹಾಡುಗಳ ಸಂಕಲನ. ಮಾರುಕಟ್ಟೆಗೆ ಬಂದದ್ದು ಆಮೇಲೆ, ರೆಕಾರ್ಡ್ ಆದದ್ದು ಮುಂಚೆ. ಆಲ್ಬಂ ಅಂತಲೇ ಯೋಚಿಸಿ ಸ್ಟುಡಿಯೋದಲ್ಲಿ ಮಾಡಿದ್ದು 1987ರದು ಒಂದೇ. ಅಂದರೆ ಬ್ಯಾಂಡ್ ನಡೆದ ದಾರಿ ಮೆತ್ತಗಿನದರಿಂದ ದಪ್ಪ ಸದ್ದಿನ ಕಡೆಗೆ. ನಾನು ಬರೆದುಕೊಂಡದ್ದಕ್ಕೆ ನೇರ ಉಲ್ಟಾ.

ಈಗ ಯಾವ ಬ್ಯಾಂಡ್ ಓದಿದರೂ ಎರಡು ಕಾಲಂ ಹಾಕುತ್ತೇನೆ. ಒಂದರಲ್ಲಿ ಬಿಡುಗಡೆಯ ವರ್ಷ, ಇನ್ನೊಂದರಲ್ಲಿ ರೆಕಾರ್ಡಿಂಗ್ ಆದ ಕಾಲ. ಕೇಳುವುದು ಎರಡನೇ ಕಾಲಂ ಪ್ರಕಾರ. ನೀವೂ ಹಾಗೇ ಮಾಡಿ, ಅರ್ಧ ಗೊಂದಲ ಅಲ್ಲೇ ಹೋಗುತ್ತದೆ.

ಉಳಿದ ಅರ್ಧ ಹೆಸರುಗಳದು. ಈ ಬ್ಯಾಂಡಿನ ಮೊದಲ ಹೆಸರು ಕ್ಲೇ ಆಲಿಸನ್. ನಾನು ಇದನ್ನು ಒಬ್ಬ ಗಾಯಕನ ಹೆಸರು ಅಂದುಕೊಂಡು ಅವನ ಬೇರೆ ಹಾಡುಗಳಿಗಾಗಿ ಹುಡುಕಿದೆ! ಆ ಹೆಸರಿನ ವ್ಯಕ್ತಿ ಇದ್ದದ್ದು ನಿಜ, ಆದರೆ ಅವನು 19ನೇ ಶತಮಾನದ ಅಮೆರಿಕದ ಬಂದೂಕುಗಾರ. 'ಫೆಲ್ ಫ್ರಮ್ ದ ಸನ್' ಹಾಡು 1984ರಲ್ಲಿ ಕ್ಲೇ ಆಲಿಸನ್ ಹೆಸರಲ್ಲೂ ಬಂತು, ಮೂವರ ಸ್ವಂತ ಹೆಸರುಗಳಲ್ಲೂ ಬಂತು. 1985ರ 'ನಾರ್ದರ್ನ್ ಲೈನ್' ಬರುವಾಗ ಹೆಸರು ಓಪಲ್ ಆಗಿತ್ತು. ಬುಡದ ಮೂವರು ಅವರೇ, ಬದಲಾದದ್ದು ಹೆಸರು.

ಆಲ್ಬಂ

ಅಮೆರಿಕದಲ್ಲಿ 'ಹ್ಯಾಪಿ ನೈಟ್‌ಮೇರ್ ಬೇಬಿ' ತಂದದ್ದು ಎಸ್‌ಎಸ್‌ಟಿ. ಬ್ಲ್ಯಾಕ್ ಫ್ಲ್ಯಾಗ್ ಬ್ಯಾಂಡಿನ ಗ್ರೆಗ್ ಗಿನ್ ಕಟ್ಟಿದ, ಹಾರ್ಡ್‌ಕೋರ್ ಪಂಕ್‌ಗೆ (ವೇಗದ, ಒರಟು ರಾಕ್) ಹೆಸರಾದ ರೆಕಾರ್ಡ್ ಕಂಪನಿ ಅದು. ಒಟ್ಟು 9 ಹಾಡು. ಮೊದಲನೆಯದು 'ರಾಕೆಟ್ ಮಷೀನ್'. ಅದರ ತೂಗುವ ಲಯದಲ್ಲಿ 1970ರ ದಶಕದ ಟಿ. ರೆಕ್ಸ್ ಬ್ಯಾಂಡಿನ ನೆರಳು ಎದ್ದು ಕಾಣುತ್ತದೆ. 'ಮ್ಯಾಜಿಕ್ ಪವರ್' ಕೇಳಿದರೆ ದ ಡೋರ್ಸ್ ಬ್ಯಾಂಡ್ ನೆನಪಾಗುತ್ತದೆ, ಆರ್ಗನ್ ಕಾರಣಕ್ಕೆ. ಕೀಬೋರ್ಡ್ ನುಡಿಸಿದವಳು ಸೂಕಿ ಯೂವರ್ಸ್.

ಇಲ್ಲಿ ಎರಡು ಪದ ತಿಳಿದಿರಬೇಕು. ಮೊದಲನೆಯದು ಫಜ್. ಗಿಟಾರಿನ ಸಿಗ್ನಲ್ಲನ್ನು ಮಿತಿಮೀರಿ ಹೆಚ್ಚಿಸಿದಾಗ ಅಲೆಯ ತುದಿಗಳು ಕತ್ತರಿಸಿದ ಹಾಗೆ ಚಪ್ಪಟೆ ಆಗುತ್ತವೆ. ಆಗ ಮೂಲ ಸ್ವರದಲ್ಲಿ ಇಲ್ಲದ ಮೇಲಿನ ಸ್ವರಾಂಶಗಳು ಹುಟ್ಟುತ್ತವೆ, ದನಿ ಒರಟಾಗಿ ದಪ್ಪ ಆಗುತ್ತದೆ. ಎರಡನೆಯದು ಡ್ರೋನ್. ತಂಬೂರಿ ಶ್ರುತಿ ಹಿಡಿದ ಹಾಗೆ ಒಂದೇ ಸ್ವರ ಕೆಳಗೆ ನಿಂತಿರುತ್ತದೆ, ಉಳಿದದ್ದು ಅದರ ಮೇಲೆ ಓಡಾಡುತ್ತದೆ. ಕೊನೆಯ ಹಾಡು 'ಸೋಲ್ ಗಿವರ್' ಉದ್ದವಾಗಿದೆ, ಅದನ್ನು ಹೀಗೇ ಕೇಳಬೇಕು. ಮುಂದೆ ಏನಾಗುತ್ತೆ ಅಂತ ಕಾಯಬೇಡಿ. ಸುಮ್ನೆ ಆ ಸದ್ದಿನೊಳಗೆ ಕೂತಿರಿ. ಕೆಂಡ್ರಾ ದನಿ ಏರುವುದೂ ಇಲ್ಲ, ಅವಸರ ಪಡುವುದೂ ಇಲ್ಲ. ಅಷ್ಟು ಗಿಟಾರಿನ ನಡುವೆ ಆ ನಿಧಾನವೇ ನನ್ನನ್ನು ಹಿಡಿದು ಕೂರಿಸಿತು.

ಮುಗಿದದ್ದು

ದ ಜೀಸಸ್ ಅಂಡ್ ಮೇರಿ ಚೈನ್ ಬ್ಯಾಂಡ್ ಜೊತೆಗಿನ ಪ್ರವಾಸದ ನಡುವೆಯೇ ಕೆಂಡ್ರಾ ಬಿಟ್ಟು ಹೋದಳು. ಅವಳ ಜಾಗಕ್ಕೆ ಹೋಪ್ ಸ್ಯಾಂಡೊವಲ್ ಬಂದಳು. ಬ್ಯಾಂಡ್ ಮುಂದೆ ಮ್ಯಾಝಿ ಸ್ಟಾರ್ ಆಯಿತು, 1990ರಲ್ಲಿ ಅದರ ಮೊದಲ ಆಲ್ಬಂ ಬಂತು. ಡ್ರಮ್ಸ್‌ನಲ್ಲಿ ಅಲ್ಲೂ ಕೀತ್ ಮಿಚೆಲ್. ನನ್ನ ಗುರುತು ಇಷ್ಟೇ: ರೋಬ್ಯಾಕ್ ಗಿಟಾರಿನ ಜೊತೆ ಕೆಂಡ್ರಾ ದನಿ ಇದ್ದರೆ ಓಪಲ್, ಹೋಪ್ ದನಿ ಇದ್ದರೆ ಮ್ಯಾಝಿ ಸ್ಟಾರ್.

'ಶೀಸ್ ಎ ಡೈಮಂಡ್' ಹಾಡು ಸಂಕಲನದಲ್ಲೂ ಇದೆ, ಆಲ್ಬಂನಲ್ಲೂ ಇದೆ. ಸಂಕಲನದ್ದನ್ನು ಮೊದಲು ಹಾಕಿ, ಅದು ಮುಗಿದ ಕೂಡಲೇ ಆಲ್ಬಂನದು.