ಡೆನ್ಮಾರ್ಕಿನ ವ್ಯಂಗ್ಯಚಿತ್ರ ಗಲಾಟೆ: ಬೆಂಕಿ ಹತ್ತಲು ನಾಲ್ಕು ತಿಂಗಳು ಯಾಕೆ ಬೇಕಾಯಿತು?

ಧರ್ಮನಿಂದೆಯ ಮಾತು ಬಂದಾಗಲೆಲ್ಲ ಡೆನ್ಮಾರ್ಕಿನ ವ್ಯಂಗ್ಯಚಿತ್ರಗಳ ವಿಷಯ ಬಂದೇ ಬರುತ್ತದೆ. ಜಾಸ್ತಿ ಜನರಿಗೆ ನೆನಪಿರುವುದು ಇಷ್ಟು: ಪತ್ರಿಕೆ ಪ್ರವಾದಿ ಮುಹಮ್ಮದರ ಚಿತ್ರ ಹಾಕಿತು, ಜನ ರೊಚ್ಚಿಗೆದ್ದರು, ರಾಯಭಾರ ಕಚೇರಿ ಸುಟ್ಟರು. ಆದರೆ ಚಿತ್ರ ಅಚ್ಚಾದದ್ದು 2005ರ ಸೆಪ್ಟೆಂಬರ್ 30ರಂದು. ಸಿರಿಯಾದ ಡಮಾಸ್ಕಸ್‌ನಲ್ಲಿ ಬೆಂಕಿ ಬಿದ್ದದ್ದು 2006ರ ಫೆಬ್ರವರಿ 4ರಂದು. ನಡುವೆ ನಾಲ್ಕು ತಿಂಗಳು ಕಳೆದಿದ್ದವು.

ಅದಕ್ಕೂ ಹಿಂದಿನದು ಚುಟುಕಾಗಿ: 1989ರಲ್ಲಿ ಸಲ್ಮಾನ್ ರಶ್ದಿಯವರನ್ನು ಕೊಲ್ಲಿ ಎಂದು ಇರಾನಿನ ಖೊಮೇನಿ ಫತ್ವಾ ಹೊರಡಿಸಿದರು, 2004ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಬೀದಿಯಲ್ಲಿ, ಇಸ್ಲಾಮನ್ನು ಟೀಕಿಸುವ ಸಿನಿಮಾ ಮಾಡಿದ್ದ ನಿರ್ದೇಶಕ ಥಿಯೋ ವಾನ್ ಗೋಗ್ ಕೊಲೆಯಾದರು. ಯುರೋಪಿನ ಬರಹಗಾರರಲ್ಲಿ ಅಳುಕು ಹೊಕ್ಕಿತ್ತು. ಡೆನ್ಮಾರ್ಕಿನ ಲೇಖಕರೊಬ್ಬರು ಪ್ರವಾದಿ ಮುಹಮ್ಮದರ ಬಗ್ಗೆ ಮಕ್ಕಳ ಪುಸ್ತಕ ಬರೆದರು. ಅದಕ್ಕೆ ತಮ್ಮ ಹೆಸರು ಹಾಕಿ ಚಿತ್ರ ಬರೆದುಕೊಡಲು ಯಾರೂ ಮುಂದೆ ಬರುತ್ತಿಲ್ಲ ಎಂದು ದೂರಿದರು. ಅದನ್ನೇ ಹಿಡಿದುಕೊಂಡ ಯೂಲಂಡ್ಸ್ ಪೋಸ್ಟನ್ ಪತ್ರಿಕೆ, ಮುಹಮ್ಮದರನ್ನು ನಿಮಗೆ ಕಂಡ ಹಾಗೆ ಬರೆಯಿರಿ ಎಂದು ಚಿತ್ರಕಾರರನ್ನು ಕರೆಯಿತು. 12 ಮಂದಿ ಬರೆದುಕೊಟ್ಟರು.

ಹನ್ನೆರಡೂ ಒಂದೇ ಥರ ಇರಲಿಲ್ಲ. ಒಂದರಲ್ಲಿ ಪೇಟದೊಳಗೆ ಬಾಂಬ್. ಇನ್ನೊಂದರಲ್ಲಿ ಕರಿಹಲಗೆಯ ಮುಂದೆ ನಿಂತ ಶಾಲಾ ಹುಡುಗ. ಅವನ ಹೆಸರೇ ಮುಹಮ್ಮದ್. ಹಲಗೆಯ ಮೇಲೆ ಪಾರ್ಸಿ ಭಾಷೆಯಲ್ಲಿ ಬರೆದಿದ್ದು ಈ ಪತ್ರಿಕೆಯವರನ್ನೇ ಬೈಯುವ ಸಾಲು! ಮುಂದೆ ಮಾತೆಲ್ಲ ಆ ಬಾಂಬಿನ ಸುತ್ತಲೇ ಸುತ್ತಿತು.

ಅರ್ಥ ತಪ್ಪಿದ್ದು ಎರಡೂ ಕಡೆ. ಪ್ರವಾದಿಯ ಚಿತ್ರ ಬರೆಯಬಾರದು ಎಂಬ ಕಟ್ಟಳೆಯನ್ನು ಪ್ರಶ್ನಿಸುತ್ತಿದ್ದೇವೆ ಎಂದು ಡೆನ್ಮಾರ್ಕಿನ ಅನೇಕರು ಅಂದುಕೊಂಡರು. ಆದರೆ ಹಳೆಯ ಪರ್ಷಿಯಾದ ಹಸ್ತಪ್ರತಿಗಳಲ್ಲಿ ಅಂಥ ಚಿತ್ರಗಳು ಇದ್ದೇ ಇವೆ. ಬಹಳ ಮುಸ್ಲಿಮರಿಗೆ ಚುಚ್ಚಿದ್ದು ಬಾಂಬು: ನೀವೆಲ್ಲ ಭಯೋತ್ಪಾದಕರು ಎಂದ ಹಾಗೆ ಅದು ಕಂಡಿತು. ಅಂದ ಹಾಗೆ, 2003ರಲ್ಲಿ ಏಸುವಿನ ಬಗ್ಗೆ ಬಂದ ವ್ಯಂಗ್ಯಚಿತ್ರಗಳನ್ನು ಇದೇ ಪತ್ರಿಕೆ ವಾಪಸ್ ಕಳಿಸಿತ್ತು. ಓದುಗರು ಗಲಾಟೆ ಮಾಡುತ್ತಾರೆ ಎಂಬುದು ಆಗ ಕೊಟ್ಟ ಕಾರಣ.

ಆ ಕಡೆ, ಮುಸ್ಲಿಂ ದೇಶಗಳವರಿಗೆ, ಪತ್ರಿಕೆಯನ್ನು ಸರ್ಕಾರ ಹದ್ದುಬಸ್ತಿನಲ್ಲಿ ಇಡಬಹುದು ಎಂಬ ನಂಬಿಕೆ. ಅಕ್ಟೋಬರಿನಲ್ಲಿ ಮುಸ್ಲಿಂ ದೇಶಗಳ 11 ರಾಯಭಾರಿಗಳು ಪ್ರಧಾನಿ ಆಂಡರ್ಸ್ ಫೋ ರಾಸ್ಮುಸೆನ್ ಅವರಿಗೆ ಪತ್ರ ಬರೆದು ಭೇಟಿ ಕೇಳಿದರು; ಸಂಬಂಧಪಟ್ಟವರನ್ನು ವಿಚಾರಿಸಿಕೊಳ್ಳಿ ಎಂದರು. ಪತ್ರಿಕೆಗಳ ಮೇಲೆ ಸರ್ಕಾರದ ಕೈ ನಡೆಯುವುದಿಲ್ಲ, ನೊಂದವರು ಕೋರ್ಟಿಗೆ ಹೋಗಬಹುದು ಎಂದು ಉತ್ತರ ಬಂತು. ಭೇಟಿ ಮಾತ್ರ ಸಿಗಲಿಲ್ಲ. ಉತ್ತರದಲ್ಲಿ ಕಾನೂನಿನ ತಪ್ಪೇನೂ ಇರಲಿಲ್ಲ. ಆದರೂ ಕೂರಿಸಿ, ಕಾಫಿ ಕೊಟ್ಟು, ಇದೇ ಮಾತನ್ನು ಎದುರಿಗೇ ಹೇಳಬಹುದಿತ್ತು, ಅಲ್ವಾ?

ಅದೇ ಅಕ್ಟೋಬರಿನಲ್ಲಿ ಈಜಿಪ್ಟಿನ ಅಲ್ ಫಜ್ರ್ ಪತ್ರಿಕೆ ಈ ಪೈಕಿ ಕೆಲವು ಚಿತ್ರಗಳನ್ನು ಟೀಕೆಯ ಜೊತೆಗೆ ಅಚ್ಚು ಹಾಕಿತು. ಅದೂ ರಂಜಾನ್ ತಿಂಗಳಲ್ಲಿ. ಕೈರೋದಲ್ಲಿ ಒಂದು ಕಲ್ಲೂ ಬೀಳಲಿಲ್ಲ.

ಇತ್ತ ತಮ್ಮ ಮಾತನ್ನು ಕೇಳುವವರೇ ಇಲ್ಲ ಎಂದುಕೊಂಡ ಡೆನ್ಮಾರ್ಕಿನ ಕೆಲವು ಇಮಾಮರು 43 ಪುಟದ ಕಡತ ಹಿಡಿದು ಡಿಸೆಂಬರಿನಲ್ಲಿ ಈಜಿಪ್ಟ್, ಲೆಬನಾನ್ ಕಡೆ ಹೊರಟರು. ಅದರಲ್ಲಿ ಪತ್ರಿಕೆ ಎಂದೂ ಹಾಕದಿದ್ದ ಮೂರು ಚಿತ್ರಗಳೂ ಇದ್ದವು. ಒಂದು, ಹಂದಿಯ ಮುಖವಾಡ ತೊಟ್ಟ ಗಂಡಸಿನ ಫೋಟೊ. ಅದು ಫ್ರಾನ್ಸಿನ ಹಳ್ಳಿಯೊಂದರಲ್ಲಿ ಹಂದಿಯಂತೆ ಕೂಗುವ ಸ್ಪರ್ಧೆಯದ್ದು! ಪ್ರವಾದಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಇವು ಡೆನ್ಮಾರ್ಕಿನ ಮುಸ್ಲಿಮರಿಗೆ ಯಾರೋ ಕಳಿಸಿದ್ದ ಚಿತ್ರಗಳು ಎಂದು ಇಮಾಮರು ಹೇಳಿದರು. ಕೈಯಿಂದ ಕೈಗೆ ದಾಟುತ್ತಾ ಹೋದಾಗ ಆ ವಿವರಣೆ ಎಷ್ಟು ಜನರನ್ನು ಮುಟ್ಟಿರಲು ಸಾಧ್ಯ?

ಡಿಸೆಂಬರಿನಲ್ಲೇ ಮೆಕ್ಕಾದಲ್ಲಿ ಇಸ್ಲಾಮಿಕ್ ದೇಶಗಳ ಶೃಂಗಸಭೆ ಸೇರಿತು, ಚಿತ್ರಗಳ ವಿಷಯ ಅಲ್ಲೂ ಬಂತು. ಆಮೇಲೆ ಎಲ್ಲ ಸರಸರನೆ ಆಯಿತು. ಜನವರಿಯಲ್ಲಿ ಸೌದಿ ತನ್ನ ರಾಯಭಾರಿಯನ್ನು ವಾಪಸ್ ಕರೆಸಿಕೊಂಡಿತು. ಡೆನ್ಮಾರ್ಕಿನ ಆರ್ಲಾ ಕಂಪನಿಯ ಬೆಣ್ಣೆ, ಚೀಸ್ ಕೊಲ್ಲಿ ದೇಶಗಳ ಅಂಗಡಿಗಳಿಂದ ಮಾಯವಾದವು. ನೋವಾಗಿದ್ದರೆ ಕ್ಷಮಿಸಿ ಎಂದು ಪತ್ರಿಕೆ ಬರೆಯಿತು. ಫೆಬ್ರವರಿ ಒಂದರಂದು ಯುರೋಪಿನ ಹಲವು ಪತ್ರಿಕೆಗಳು ಅದೇ ಚಿತ್ರಗಳನ್ನು ಮತ್ತೆ ಹಾಕಿದವು. ಮೂರನೇ ದಿನ ಡಮಾಸ್ಕಸ್‌ನಲ್ಲಿ ಡೆನ್ಮಾರ್ಕ್, ನಾರ್ವೆ ರಾಯಭಾರ ಕಚೇರಿಗಳಿಗೆ ಬೆಂಕಿ ಬಿತ್ತು. ಅದು ಪೊಲೀಸರ ಕಣ್ಣು ತಪ್ಪಿಸಿ ಮೆರವಣಿಗೆ ಮಾಡುವುದೂ ಕಷ್ಟವಿದ್ದ ಊರು. ಮರುದಿನ ಲೆಬನಾನಿನ ಬೇರೂತಿನ ಸರದಿ.

ಜೀವ ಹೋದದ್ದು ಮಾತ್ರ ಬೇರೆಯವರದ್ದು. ನೈಜೀರಿಯಾದ ಮೈದುಗುರಿಯಲ್ಲಿ ಚರ್ಚುಗಳನ್ನು ಸುಟ್ಟು ಕ್ರೈಸ್ತರನ್ನು ಕೊಂದರು. ಕೆಲವೇ ದಿನಗಳಲ್ಲಿ ಅದೇ ದೇಶದ ಒನಿಟ್ಶಾದಲ್ಲಿ ಸೇಡಿಗೆ ಮುಸ್ಲಿಮರನ್ನು ಕೊಂದರು. ಇವರಿಗೂ ಡ್ಯಾನಿಶ್ ಪತ್ರಿಕೆಗೂ ಎಲ್ಲಿಯ ನಂಟು?

ಕಾನೂನಿನ ಕತೆ ಇನ್ನೂ ಗೋಜಲು. ಡೆನ್ಮಾರ್ಕಿನಲ್ಲಿ ಧರ್ಮನಿಂದೆಗೆ 140ನೇ ಕಲಮು ಇತ್ತು. ಅದರಡಿ ಕೊನೆಯ ಸಲ ಶಿಕ್ಷೆಯಾದದ್ದು 1946ರಲ್ಲಿ, ವೇಷದ ಕುಣಿತದ ಪಾರ್ಟಿಯಲ್ಲಿ ಸುಮ್ನೆ ತಮಾಷೆಗೆ ಕ್ರೈಸ್ತರ ಜ್ಞಾನಸ್ನಾನದ ಅಣಕ ಮಾಡಿದ್ದಕ್ಕೆ. 2006ರ ಜನವರಿಯಲ್ಲಿ ಸರ್ಕಾರಿ ವಕೀಲರು ಚಿತ್ರಗಳ ಮೇಲೆ ಕೇಸು ಹಾಕುವುದಿಲ್ಲ ಎಂದರು. 2017ರಲ್ಲಿ ಡೆನ್ಮಾರ್ಕಿನ ಸಂಸತ್ತು ಕಲಮನ್ನೇ ತೆಗೆದುಹಾಕಿತು. 2023ರಲ್ಲಿ ಕುರಾನ್ ಸುಡುವ ಪ್ರಕರಣಗಳು ಹೆಚ್ಚಿ, ಬಾಗ್ದಾದಿನ ಸ್ವೀಡನ್ ರಾಯಭಾರ ಕಚೇರಿಗೂ ಬೆಂಕಿ ಬಿದ್ದ ಮೇಲೆ, ಅದೇ ಸಂಸತ್ತು 94–77 ಮತಗಳಿಂದ ಹೊಸ ಕಾಯ್ದೆ ಮಾಡಿತು. ಧರ್ಮಗ್ರಂಥವನ್ನು ಸಾರ್ವಜನಿಕವಾಗಿ ಸುಟ್ಟರೆ, ಹರಿದರೆ ದಂಡ ಅಥವಾ ಎರಡು ವರ್ಷದವರೆಗೆ ಜೈಲು.

ಚಿತ್ರ ಬರೆಯುವುದು ಈ ಕಾಯ್ದೆಯಡಿ ಬರುವುದಿಲ್ಲ. ಆದರೆ ಬಾಂಬಿನ ಚಿತ್ರ ಬರೆದಿದ್ದ ಕುರ್ಟ್ ವೆಸ್ಟರ್‌ಗಾರ್ಡ್ ಮನೆಗೆ 2010ರಲ್ಲಿ ಒಬ್ಬ ಕೊಡಲಿ ಹಿಡಿದು ನುಗ್ಗಿದ್ದ. 2015ರಲ್ಲಿ ಪ್ರವಾದಿಯ ವ್ಯಂಗ್ಯಚಿತ್ರ ಹಾಕಿದ್ದ ಪ್ಯಾರಿಸಿನ ಶಾರ್ಲಿ ಎಬ್ಡೊ ಪತ್ರಿಕೆಯ ಕಚೇರಿಯ ಮೇಲಿನ ದಾಳಿಯಲ್ಲಿ 12 ಜನ ಸತ್ತರು. ಆಗ ಯೂಲಂಡ್ಸ್ ಪೋಸ್ಟನ್ ಆ ಚಿತ್ರಗಳನ್ನು ಮತ್ತೆ ಹಾಕಲಿಲ್ಲ. ಹಿಂಸೆಗೆ ಬಗ್ಗಿದ್ದೇವೆ ಎಂದು ತನ್ನ ಸಂಪಾದಕೀಯದಲ್ಲೇ ಒಪ್ಪಿಕೊಂಡಿತು.