ಅಣ್ಣನ ಕಡೆಯಿಂದಲೂ ಒಮ್ಮೆ ಟೈಪ್ ಮಾಡಿ

ಕೊಡಗಿನ ಪಾರಂಪರಿಕ ಹಿಡುವಳಿಯಾದ ಜಮ್ಮಾ ಜಾಗದ ಕಾಳುಮೆಣಸಿನ ಪಾಲಿಗೆ ಅಣ್ಣ ತಮ್ಮಂದಿರ ನಡುವೆ ಮಾತು ನಿಂತಿದೆ ಎಂದುಕೊಳ್ಳಿ. ಕೊಡಗಿನವರಿಗೆ ಇದನ್ನು ಊಹಿಸುವುದು ಕಷ್ಟವಲ್ಲ. ರಾತ್ರಿ ತಮ್ಮನು ಮೊಬೈಲಿನ ಎಐ ಸಂಗಾತಿಯ, ಅಂದರೆ ಗೆಳೆಯನಂತೆ ಉತ್ತರಿಸುವ ಆ್ಯಪ್‌ನ ಹತ್ತಿರ ಎಲ್ಲ ಹೇಳಿಕೊಳ್ಳುತ್ತಾನೆ. 'ಇಷ್ಟು ದುಡಿದವರಿಗೆ ನೋವಾಗುವುದು ಸಹಜ' ಎಂದು ಉತ್ತರ ಬರುತ್ತದೆ. ಅದೇ ಆ್ಯಪ್‌ನಲ್ಲಿ ಅಣ್ಣ ತನ್ನ ಕಡೆಯದನ್ನು ಹೇಳಿಕೊಂಡರೆ ಅವನಿಗೂ ಹೆಚ್ಚುಕಡಿಮೆ ಅದೇ ಸಮಾಧಾನ.

ಈ ವಿದ್ಯೆ ಹಳೆಯದು. ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ 'ಎಲೈಜಾ' ಎಂಬ ಪ್ರೋಗ್ರಾಮನ್ನು ಪ್ರಕಟಿಸಿದರು. ಎದುರಿನವರು ಬರೆದ ವಾಕ್ಯದಲ್ಲಿ ಅದು ಗೊತ್ತಿರುವ ಪದ ಹುಡುಕುತ್ತಿತ್ತು, 'ನನ್ನ' ಇದ್ದಲ್ಲಿ 'ನಿಮ್ಮ' ಹಾಕಿ ಪ್ರಶ್ನೆಯಾಗಿ ತಿರುಗಿಸುತ್ತಿತ್ತು. ಏನೂ ಸಿಗದಿದ್ದರೆ 'ಮುಂದೆ ಹೇಳಿ' ಎನ್ನುತ್ತಿತ್ತು. ಅಷ್ಟಕ್ಕೇ ಜನ ಮನಸ್ಸು ಬಿಚ್ಚಿದರು. ಅದನ್ನು ಕಂಡು ವೈಜೆನ್‌ಬಾಮ್ ಅವರೇ ಗಾಬರಿಯಾದರು.

ಇಂದಿನ ಎಐ ಆ್ಯಪ್‌ಗಳನ್ನು ನಡೆಸುವ ಭಾಷಾ ಮಾದರಿಗಳ ಕೆಲಸ ಇನ್ನೂ ನಯ. ಹಿಂದಿನ ಮಾತುಗಳನ್ನೆಲ್ಲ ಗಮನಕ್ಕೆ ತೆಗೆದುಕೊಂಡು ಮುಂದೆ ಬರಬಹುದಾದ ಪದದ ತುಣುಕನ್ನು ಒಂದೊಂದಾಗಿ ಆರಿಸುತ್ತವೆ. ತರಬೇತಿಯಲ್ಲಿ ಎರಡು ಉತ್ತರ ತೋರಿಸಿ ಯಾವುದು ಮೇಲು ಎಂದು ಮನುಷ್ಯರನ್ನು ಕೇಳುತ್ತಾರೆ, ಗೆದ್ದ ಬಗೆಯ ಕಡೆಗೆ ಮಾದರಿಯನ್ನು ತಿದ್ದುತ್ತಾರೆ. ಎಡವಟ್ಟಾಗುವುದು ಇಲ್ಲೇ. ನಮ್ಮನ್ನು ಒಪ್ಪುವ ಉತ್ತರವೇ ನಮಗೆ ಹಿತ, ಹಾಗಾಗಿ ಹೂಂಗುಟ್ಟುವುದನ್ನು ಯಂತ್ರ ಕಲಿಯುತ್ತದೆ. 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ಕಂಪನಿ ಚಾಟ್‌ಜಿಪಿಟಿಯ ಹೊಸ ಆವೃತ್ತಿಯೊಂದನ್ನು ಅತಿಯಾಗಿ ಹೊಗಳುತ್ತದೆ ಎಂಬ ಕಾರಣಕ್ಕೆ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು.

ಹಾಗೆಂದು ಸಿಕ್ಕ ಹಗುರ ಸುಳ್ಳಲ್ಲ. ಮನಸ್ಸಿನ ಕಹಿಯನ್ನು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಸುಮ್ಮನೆ ಕಾಗದದ ಮೇಲೆ ಬರೆಯುವ ಪ್ರಯೋಗವನ್ನು ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲೇ ಪ್ರಕಟಿಸಿದ್ದರು. ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋದದ್ದು ಕಡಿಮೆ. ಅಂದರೆ ಯಂತ್ರಕ್ಕೆ ಸಲ್ಲಿಸುವ ಕೃತಜ್ಞತೆಯ ಒಂದು ಪಾಲು ಟೈಪ್ ಮಾಡಿದವನಿಗೇ ಸಲ್ಲಬೇಕು.

ಬಳಸುವುದಾದರೆ ಮೊದಲು ಹಳೆಯ ನೆನಪು ಉಳಿಸುವ ಸೆಟ್ಟಿಂಗ್ ಆಫ್ ಮಾಡಿ, ಹೊಸ ಚಾಟ್ ತೆರೆಯಿರಿ. ನಡೆದದ್ದನ್ನು ಅಣ್ಣನೇ ಬರೆದಂತೆ, 'ನಾನು' ಎಂದೇ ಬರೆಯಿರಿ. ನಿಮ್ಮ ಕಡೆಯದಕ್ಕೆ ಬಂದ ಉತ್ತರವನ್ನೂ ಇದನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಎಷ್ಟು ಭಾಗ ಬರೀ ಒಪ್ಪಿಗೆ ಎಂಬುದು ತಿಳಿಯುತ್ತದೆ. ಆಮೇಲೆ, 'ಸಲಹೆ ಬೇಡ, ನಾನು ಹೇಳದೆ ಬಿಟ್ಟಿರಬಹುದಾದ ಸಂಗತಿಗಳ ಬಗ್ಗೆ ಮೂರು ಪ್ರಶ್ನೆ ಕೇಳು' ಎನ್ನಿ. 'ನಾನು ಮಾಡಿದ್ದು ಸರಿ ತಾನೆ?' ಎಂದು ಮಾತ್ರ ಕೇಳಬೇಡಿ, ಉತ್ತರ ಪ್ರಶ್ನೆಯಲ್ಲೇ ಇದೆ. ಆರ್‌ಟಿಸಿ, ಆಧಾರ್ ನಂಬರ್, ಮನೆಯವರ ಹೆಸರು ಯಾವುದೂ ಬೇಡ. 'ಅಣ್ಣ' ಎಂದರೆ ಸಾಕು.

ಮಾತು ಉದ್ದವಾದಷ್ಟೂ ಉತ್ತರ ಹದ ತಪ್ಪಬಹುದು. ಮಾದರಿ ಒಮ್ಮೆಗೆ ಗಮನದಲ್ಲಿಡುವ ಪಠ್ಯಕ್ಕೆ ಮಿತಿಯಿದೆ, ಕನ್ನಡ ಲಿಪಿ ಇಂಗ್ಲಿಷಿಗಿಂತ ಹೆಚ್ಚು ತುಣುಕಾಗುವುದರಿಂದ ಆ ಮಿತಿ ಬೇಗ ತುಂಬುತ್ತದೆ. ಕೊಡಗಿನ ಮಾತುಗಳಾದ ಕೊಡವ ತಕ್ಕ್, ಅರೆಭಾಷೆಗಳ ಬರಹ ಜಾಲದಲ್ಲಿ ಇನ್ನೂ ಕಡಿಮೆ. ಒಕ್ಕದೊಳಗಿನ, ಅಂದರೆ ಕೊಡವರ ಕುಟುಂಬದೊಳಗಿನ ಮಾತಿನ ಒಳಸುಳಿ ಯಂತ್ರಕ್ಕೆ ಹಿಡಿಯದಿದ್ದರೂ ಉತ್ತರ ಮಾತ್ರ ಅಷ್ಟೇ ಧೈರ್ಯವಾಗಿ ಬರುತ್ತದೆ.

ನಿದ್ದೆ ಕೆಟ್ಟರೆ, ಬದುಕು ಸಾಕೆನಿಸಿದರೆ ಚಾಟ್ ಮುಚ್ಚಿ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಈ ಟೆಲಿ ಮಾನಸ್ ಸೇವೆ ಉಚಿತ, ದಿನದ 24 ಗಂಟೆಯೂ ಇರುತ್ತದೆ. ಕನ್ನಡದಲ್ಲೇ ಮಾತಾಡಬಹುದು, ಇಂಟರ್ನೆಟ್ ಬೇಕಿಲ್ಲ.