ಬೀಳುವ ನೀರಿಗೆ ಕೆಲಸ ಹಚ್ಚಿದ ಊರು: ಗೋಕಾಕ ಫಾಲ್ಸ್‌ನ ಹಿನ್ನೆಲೆ

ಮಳೆಗಾಲ ಶುರುವಾದರೆ ಸಾಕು, ಬೆಳಗಾವಿ ಸೀಮೆಯವರ ಮೊಬೈಲ್ ತುಂಬ ಗೋಕಾಕ ಫಾಲ್ಸ್ ವಿಡಿಯೊಗಳು. ಜುಲೈ, ಆಗಸ್ಟ್ ತಿಂಗಳ ಭಾನುವಾರ ಹೋದರೆ ಅಲ್ಲಿ ಗಾಡಿ ನಿಲ್ಲಿಸಲೂ ಕಷ್ಟ. ಬಂದವರು ಕೆಂಪು ನೀರು ಧುಮುಕುವುದನ್ನು ಕಣ್ತುಂಬ ನೋಡುತ್ತಾರೆ, ಫೋಟೊ ತೆಗೆಯುತ್ತಾರೆ, ಸುಟ್ಟ ಗೋವಿನಜೋಳದ ತೆನೆ ತಿಂದು ಹೊರಡುತ್ತಾರೆ. ಪಕ್ಕದಲ್ಲೇ ಇರುವ ಉದ್ದನೆಯ ಹಳೆ ಕಟ್ಟಡಗಳ ಕಡೆ ಹೆಚ್ಚಿನವರ ಗಮನ ಹೋಗುವುದಿಲ್ಲ. ಅದು ಗೋಕಾಕ ಮಿಲ್. ಆ ಗಿರಣಿ ಬರದೇ ಇದ್ದಿದ್ದರೆ ಎಲ್ಲರೂ ಫೋಟೊ ತೆಗೆಯುವ ತೂಗುಸೇತುವೆ ಇರುತ್ತಿರಲಿಲ್ಲ. ಗೋಕಾಕ ಫಾಲ್ಸ್ ಅನ್ನುವ ಕಾರ್ಮಿಕರ ಊರೂ ಇರುತ್ತಿರಲಿಲ್ಲ.

ಇನ್ನು ಮಾರ್ಚ್, ಏಪ್ರಿಲ್‌ನಲ್ಲಿ ಬರುವವರದು ಬೇರೆ ಕಥೆ. ‘ನೀರೇ ಇಲ್ವಲ್ಲ!’ ಎಂದು ಬೇಜಾರು ಮಾಡಿಕೊಂಡು ವಾಪಸ್ ಹೋಗುತ್ತಾರೆ. ಜಲಪಾತದ ತಲೆಯ ಮೇಲೆ ಗಿರಣಿ ಯಾಕೆ ಬಂತು, ಬೇಸಿಗೆಯಲ್ಲಿ ಜಲಪಾತ ಯಾಕೆ ಒಣಗುತ್ತದೆ? ಎರಡಕ್ಕೂ ಉತ್ತರ ಒಂದೇ ಕಡೆ ಸಿಗುತ್ತದೆ. ಘಟಪ್ರಭೆಯ ನೀರು ಯಾವ ಕೆಲಸಕ್ಕೆ ಬರಬೇಕು ಎನ್ನುವ ಲೆಕ್ಕಾಚಾರ ಇಲ್ಲಿ ಸುಮಾರು 140 ವರ್ಷಗಳಿಂದ ನಡೆದೇ ಇದೆ.

ಮೊದಲು ನದಿಯ ವಿಷಯ. ಘಟಪ್ರಭೆ ಹುಟ್ಟುವುದು ಪಶ್ಚಿಮಘಟ್ಟದಲ್ಲಿ. ಅಲ್ಲಿಂದ ಪೂರ್ವಕ್ಕೆ 283 ಕಿ.ಮೀ. ಹರಿದು ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣೆಗೆ ಸೇರುತ್ತದೆ. ಮಳೆ ಸುರಿಯುವುದು ಘಟ್ಟದಲ್ಲಿ, ನೀರಿಗೆ ಹಪಹಪಿಸುವುದು ಬಯಲು. ಈ ಎರಡರ ನಡುವೆ ಗೋಕಾಕ ಇದೆ. ಊರಿಗೆ 6 ಕಿ.ಮೀ. ದೂರದಲ್ಲಿ ನದಿ ಮರಳುಗಲ್ಲಿನ ಬಂಡೆಯ ಅಂಚಿಗೆ ಬಂದು ಒಮ್ಮೆಲೇ 52 ಮೀಟರ್ ಕೆಳಗೆ ಬೀಳುತ್ತದೆ. ಭೂವಿಜ್ಞಾನಿಗಳು ಈ ಬಂಡೆಗಳ ಗುಂಪಿಗೆ ನಮ್ಮ ಕಲಾದಗಿಯ ಹೆಸರನ್ನೇ ಇಟ್ಟಿದ್ದಾರೆ. ಬೀಳುವ ಅಂಚು ಕುದುರೆ ಲಾಳದ ಆಕಾರದಲ್ಲಿದೆ. ಮಳೆಗಾಲದಲ್ಲಿ ಹೊಲದ ಮಣ್ಣು ಕೊಚ್ಚಿಕೊಂಡು ಬರುವುದರಿಂದ ನೀರಿಗೆ ಆ ಕೆಂಪು ಬಣ್ಣ.

ಗಿರಣಿ ಬರುವ ಮೊದಲು ಇದು ದೇವರ ಜಾಗವಾಗಿತ್ತು. ಅಂಚಿನ ಹತ್ತಿರವೇ ಚಾಲುಕ್ಯರ ಕಾಲದ ಮಹಾಲಿಂಗೇಶ್ವರ ಗುಡಿ ಇದೆ. ಮಳೆ ಜೋರಾದಾಗ ಗುಡಿಯ ಕಂಬಗಳ ಮೇಲೆ ತುಂತುರು ಕೂತು ಕಲ್ಲು ಕಪ್ಪಗೆ ಹೊಳೆಯುತ್ತದೆ. ಷಣ್ಮುಖ, ದುರ್ಗೆಯ ಗುಡಿಗಳೂ ಇಲ್ಲಿವೆ. ಗೋಕಾಕ ಊರು ಮಾತ್ರ ಆಗಲೇ ಕೈಕಸುಬಿನ ಪೇಟೆಯಾಗಿತ್ತು. ನೇಯುವವರಿದ್ದರು, ಬಣ್ಣ ಹಾಕುವವರಿದ್ದರು, ಒರಟು ಕಾಗದ ಮಾಡುವವರಿದ್ದರು. ಹಗುರ ಕಟ್ಟಿಗೆಯಲ್ಲಿ ಹಣ್ಣು, ತರಕಾರಿ, ಗೊಂಬೆ ಕೆತ್ತಿ ಬಣ್ಣ ಬಳಿಯುವ ಮನೆತನಗಳಿದ್ದವು. ಗೊಂಬೆಯ ಕಸುಬು ಒಂದೇ ಇವತ್ತಿಗೂ ಊರಿನ ಹೆಸರು ಹೇಳುತ್ತಿದೆ.

ಗಿರಣಿಯ ಕಥೆ ಶುರುವಾಗುವುದು ಹತ್ತಿಯಿಂದ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುತ್ತಿದ್ದ ಹತ್ತಿ ನಿಂತಿತು. ಎಲ್ಲರ ಕಣ್ಣು ಮುಂಬೈ ಕರ್ನಾಟಕದ ಕರಿಮಣ್ಣಿನ ಮೇಲೆ ಬಿತ್ತು. ಹತ್ತಿಯ ಬೆಲೆ ಗಗನಕ್ಕೇರಿತು. ಆದರೆ ಇಲ್ಲಿ ಬೆಳೆದ ಹತ್ತಿ ಇಲ್ಲಿ ನೂಲಾಗುತ್ತಿರಲಿಲ್ಲ. ಅರಳೆಯನ್ನು ಅಂಡಿಗೆ ಕಟ್ಟಿ, ಚಕ್ಕಡಿಯಲ್ಲಿ ಹೇರಿ, ಘಟ್ಟ ಇಳಿಸಿ ಬಂದರಿಗೆ ಒಯ್ಯಬೇಕಿತ್ತು. ಬೆಳಗಾವಿ ಕಡೆಯವರಿಗೆ ವೆಂಗುರ್ಲಾ, ಧಾರವಾಡ ಕಡೆಯವರಿಗೆ ಕುಮಟಾ. ಅಲ್ಲಿಂದ ಹಡಗು ಹತ್ತಿ ಮುಂಬೈಗೆ. ಕುಮಟಾದಲ್ಲಿ ಹತ್ತಿ ಬೆಳೆಯದಿದ್ದರೂ ಪೇಟೆಯಲ್ಲಿ ನಮ್ಮ ಹತ್ತಿಗೆ ‘ಕುಮಟಾ ಹತ್ತಿ’ ಎಂದೇ ಹೆಸರು ಬಿದ್ದಿತ್ತು. ಯುದ್ಧ ಮುಗಿದ ಮೇಲೆ ಬೆಲೆ ಕುಸಿಯಿತು. ಸುಗ್ಗಿಯ ಆಸೆಗೆ ಸಾಲ ಮಾಡಿದವರು ಸಿಕ್ಕಿಬಿದ್ದರು.

ಅದರ ಹಿಂದೆಯೇ 1876–78ರ ಬರ ಬಂತು. ಈ ಭಾಗ ಕಂಡ ದೊಡ್ಡ ದುರಂತಗಳಲ್ಲಿ ಅದೂ ಒಂದು. ಆಗಿನ ಕಲಾದಗಿ ಜಿಲ್ಲೆ ಎಂದರೆ ಇವತ್ತಿನ ವಿಜಯಪುರ, ಬಾಗಲಕೋಟೆ ಸೀಮೆ. 1872ರಲ್ಲಿ ಇದ್ದ ಜನಸಂಖ್ಯೆ 1881ರ ಗಣತಿಯ ಹೊತ್ತಿಗೆ ಏರಲಿಲ್ಲ, ಕಡಿಮೆಯಾಗಿತ್ತು. ಎಷ್ಟೋ ಜನ ಸತ್ತರು, ಎಷ್ಟೋ ಜನ ಊರು ಬಿಟ್ಟರು. ಗೋಕಾಕದ ಇತಿಹಾಸ ಹೇಳುವಾಗ ಈ ಬರವನ್ನು ಬಿಟ್ಟುಬಿಡುವವರೇ ಜಾಸ್ತಿ. ನನಗೆ ಅದು ಸರಿ ಅನ್ನಿಸುವುದಿಲ್ಲ. ಹೊಲ ಕೈಕೊಟ್ಟ ಸೀಮೆಯಲ್ಲಿ ತಿಂಗಳ ಪಗಾರ ಕೊಡುವ ಗಿರಣಿ ಬಂದರೆ ಜನ ಯಾಕೆ ಅತ್ತ ಹೋದರು ಎನ್ನುವುದು ಬರ ನೆನಪಿದ್ದರೆ ಮಾತ್ರ ಅರ್ಥವಾಗುತ್ತದೆ.

1885ರಲ್ಲಿ ಗೋಕಾಕ ವಾಟರ್ ಪವರ್ ಆ್ಯಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಹುಟ್ಟಿತು. ನೂಲು ತೆಗೆಯುವ ಕಂಪನಿಯ ಹೆಸರಿನಲ್ಲಿ ಹತ್ತಿ, ನೂಲು ಅನ್ನುವ ಮಾತೇ ಇಲ್ಲ, ಗಮನಿಸಿ. ಬಂಡವಾಳ ಹೂಡಿದವರ ಕಣ್ಣಿದ್ದದ್ದು ನೀರಿನ ಶಕ್ತಿಯ ಮೇಲೆ. ಮುಂಬೈಯಲ್ಲಿ 1850ರ ದಶಕದಿಂದಲೇ ಗಿರಣಿಗಳು ಓಡುತ್ತಿದ್ದವು. ಅವು ಉಗಿ ಎಂಜಿನ್‌ನ ಗಿರಣಿಗಳು, ಅವಕ್ಕೆ ಕಲ್ಲಿದ್ದಲು ಬೇಕು. ನಮ್ಮ ಕಡೆ ಕಲ್ಲಿದ್ದಲಿನ ಗಣಿಯೇ ಇಲ್ಲ. ಹೊರಗಿಂದ ತರಿಸಿದರೆ ಸಾಗಣೆಗೇ ಲಾಭವೆಲ್ಲ ಹೋಗುತ್ತಿತ್ತು. ಆದರೆ ಇಲ್ಲಿ 52 ಮೀಟರ್ ಎತ್ತರದಿಂದ ನೀರು ಸುಮ್ನೆ ಬೀಳುತ್ತಿತ್ತು.

ಆ ‘ಸುಮ್ನೆ ಬೀಳುವ’ ನೀರಿನ ತಾಕತ್ತು ಎಷ್ಟು? ಲೆಕ್ಕ ಸರಳ. ಒಂದು ಸೆಕೆಂಡಿಗೆ 1,000 ಲೀಟರ್ ನೀರು 50 ಮೀಟರ್ ಕೆಳಗೆ ಬಿದ್ದರೆ ಅದರಲ್ಲಿ ಸುಮಾರು 490 ಕಿಲೋವಾಟ್ ಶಕ್ತಿ ಇರುತ್ತದೆ. ಯಂತ್ರಗಳಲ್ಲಿ ಒಂದಿಷ್ಟು ಸೋರಿ ಹೋದರೂ 350 ಕಿಲೋವಾಟ್ ಕೈಗೆ ಸಿಗುತ್ತದೆ ಎಂದುಕೊಳ್ಳಿ. ರೈತರ ಲೆಕ್ಕದಲ್ಲಿ ಹೇಳುವುದಾದರೆ 5 ಎಚ್‌ಪಿಯ 90ಕ್ಕೂ ಹೆಚ್ಚು ಪಂಪ್‌ಸೆಟ್ ಒಟ್ಟಿಗೆ ಓಡಿಸುವಷ್ಟು. ಮಳೆಗಾಲದ ಘಟಪ್ರಭೆಗೆ ಸೆಕೆಂಡಿಗೆ 1,000 ಲೀಟರ್ ಅನ್ನುವುದು ಏನೂ ಅಲ್ಲ. ನೀರನ್ನು ಅಂಚಿನ ಮೇಲ್ಭಾಗದಲ್ಲೇ ಹಿಡಿದು, ಕೊಳವೆಯಲ್ಲಿ ಕೆಳಗಿಳಿಸಿ, ಬುಡದಲ್ಲಿರುವ ಟರ್ಬೈನ್‌ಗೆ ಬಿಟ್ಟರೆ ಆಯಿತು. ಇಡೀ ಯೋಜನೆ ನಿಂತದ್ದು ಈ ಒಂದು ಉಪಾಯದ ಮೇಲೆ.

1887ರ ಹೊತ್ತಿಗೆ ಕೆಲಸ ಶುರುವಾಯಿತು. ಆ ಕಾಲದ ಗಿರಣಿ ಹೇಗಿರುತ್ತಿತ್ತು ಎಂದು ಸ್ವಲ್ಪ ಕಲ್ಪಿಸಿಕೊಳ್ಳಬೇಕು. ಒಂದೊಂದು ಯಂತ್ರಕ್ಕೆ ಒಂದೊಂದು ಮೋಟಾರ್ ಇರಲಿಲ್ಲ. ಒಂದೇ ಕಡೆಯಿಂದ ಬಂದ ತಿರುಗುವಿಕೆಯನ್ನು ಹಗ್ಗ, ಉದ್ದನೆಯ ಕಬ್ಬಿಣದ ದಂಡ, ಚರ್ಮದ ಪಟ್ಟಾಗಳ ಮೂಲಕ ಸಾಲುಸಾಲು ಯಂತ್ರಗಳಿಗೆ ಹಂಚುತ್ತಿದ್ದರು. ಅರಳೆಯನ್ನು ಬಡಿದು, ಕಸ ತೆಗೆದು, ಬಾಚಿ ಹಂಜಿ ಮಾಡುವುದು ಒಂದು ಖಾತೆ. ಹಂಜಿಯನ್ನು ಎಳೆದೆಳೆದು ತೆಳ್ಳಗೆ ಮಾಡುವುದು ಇನ್ನೊಂದು. ಕೊನೆಗೆ ಕದಿರುಗಳ ಮೇಲೆ ಹುರಿ ಬಿದ್ದು ನೂಲು. ಎಳೆ ಹರಿದ ಕಡೆ ಬೆರಳಲ್ಲೇ ಗಂಟು ಹಾಕುವುದು ಕೆಲಸಗಾರರ ಕೈಚಳಕ. ಈ ಸೀಮೆಯ ಮಗ್ಗಗಳಿಗೆ ನೂಲು ಬೇಕೇ ಬೇಕಿತ್ತು. ಇಳಕಲ್, ಗುಳೇದಗುಡ್ಡ, ರಬಕವಿ, ಬನಹಟ್ಟಿ ಎಲ್ಲವೂ ನೇಕಾರರ ಊರುಗಳೇ ಅಲ್ವಾ?

ಇಲ್ಲಿ ಒಂದು ಹಳೆ ವಾದ ಬರುತ್ತದೆ. ಗೋಕಾಕದಲ್ಲಿ 1887ರಲ್ಲೇ ಮೊದಲ ಬಾರಿಗೆ ವಿದ್ಯುತ್ ತಯಾರಾಯಿತು ಎಂದು ಪ್ರವಾಸಿ ಮಾಹಿತಿಗಳಲ್ಲಿ ಓದುತ್ತೇವೆ. ಶಾಲೆಯ ಪುಸ್ತಕ ತೆಗೆದರೆ ದೇಶದ ಮೊದಲ ಜಲವಿದ್ಯುತ್ ಕೇಂದ್ರ 1897ರ ಡಾರ್ಜಿಲಿಂಗ್‌ನದು ಎಂದಿರುತ್ತದೆ. ನಮ್ಮ ರಾಜ್ಯದ ಮಟ್ಟಿಗೆ ಎಲ್ಲರೂ 1902ರ ಶಿವನಸಮುದ್ರದ ಹೆಸರು ಹೇಳುತ್ತಾರೆ. ಇವುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು ಎನ್ನುವುದು ನನ್ನ ಅಭಿಪ್ರಾಯ. ಡಾರ್ಜಿಲಿಂಗ್‌ನ ವಿದ್ಯುತ್ ಊರಿನ ದೀಪಕ್ಕೆ ಹೋಯಿತು. ಶಿವನಸಮುದ್ರದ್ದು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಗೋಕಾಕದ ನೀರು ಪಕ್ಕದಲ್ಲೇ ಇದ್ದ ಗಿರಣಿಯ ಕೆಲಸ ಮಾಡಿತು. ಬೀಳುವ ನೀರಿನಿಂದ ದೊಡ್ಡ ಕಾರ್ಖಾನೆ ನಡೆಸಬಹುದು ಎಂದು ಇಷ್ಟು ಬೇಗ ತೋರಿಸಿಕೊಟ್ಟ ಊರು ಇದು. ಮೊದಲನೆಯದೋ ಎರಡನೆಯದೋ ಎಂಬ ಜಗಳಕ್ಕಿಂತ ಈ ಮಾತು ದೊಡ್ಡದು.

ತೂಗುಸೇತುವೆಯೂ ಈ ಕೆಲಸದ ಭಾಗವೇ. ಸುಮಾರು 201 ಮೀಟರ್ ಉದ್ದ, ನದಿಯ ಬಂಡೆಯಿಂದ 14 ಮೀಟರ್ ಎತ್ತರ. ತಂತಿ ಹಗ್ಗಗಳಿಗೆ ತೂಗುಬಿಟ್ಟ ಹಲಗೆಯ ದಾರಿ. ನಡುವೆ ಹೋಗಿ ನಿಂತರೆ, ಎದುರಿನಿಂದ ಬರುವವರು ಇನ್ನೂ ದೂರ ಇರುವಾಗಲೇ ಅವರ ಹೆಜ್ಜೆ ನಮ್ಮ ಅಂಗಾಲಿಗೆ ಗೊತ್ತಾಗುತ್ತದೆ. ಕೆಳಗೆ ನೀರು ಇನ್ನೂ ಬಿದ್ದಿರುವುದಿಲ್ಲ, ಅಂಚಿನ ಕಡೆ ಅವಸರದಲ್ಲಿ ಓಡುತ್ತಿರುತ್ತದೆ. ಬುಡದಲ್ಲಿರುವ ಹಳೆ ವಿದ್ಯುತ್ ಮನೆಗೆ ಇಳಿಯಲು ರೋಪ್‌ವೇ ಮಾಡಿಕೊಂಡಿದ್ದರು. ಅಂಥ ಕಡಿದಾದ ಬಂಡೆಗೆ ಆ ಕಾಲದಲ್ಲಿ ಭಾರದ ಯಂತ್ರಗಳನ್ನು ಇಳಿಸಿದ ಕೂಲಿಗಳ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಅದು ನನ್ನನ್ನು ಬಹಳ ಕಾಡುತ್ತದೆ.

ಗಿರಣಿಯ ಸುತ್ತ ಊರು ಬೆಳೆಯಿತು. ಕಾರ್ಮಿಕರ ಚಾಳುಗಳು ಬಂದವು. ಪಕ್ಕದ ಕೊಣ್ಣೂರು ದೊಡ್ಡದಾಯಿತು. ಭೋಂಗಾ ಕೂಗಿದರೆ ಪಾಳಿ ಬದಲಾಯಿತು ಎಂದರ್ಥ. ಪುಣೆ–ಲೋಂಡಾ ರೈಲುದಾರಿ ಬಂದ ಮೇಲೆ ಇವತ್ತಿನ ಘಟಪ್ರಭಾ ನಿಲ್ದಾಣ ಹತ್ತಿರದ ರೈಲು ನಿಲ್ದಾಣವಾಯಿತು. ಕಂಪನಿಯ ಹೆಸರು ಮುಂದೆ ಹಲವು ಸಲ ಬದಲಾಯಿತು: ಗೋಕಾಕ ಪಟೇಲ್ ವೋಲ್ಕಾರ್ಟ್, ಫೋರ್ಬ್ಸ್ ಗೋಕಾಕ, ಗೋಕಾಕ ಟೆಕ್ಸ್‌ಟೈಲ್ಸ್. ಜನರ ಬಾಯಲ್ಲಿ ಮಾತ್ರ ಅದು ಮೊದಲಿಂದಲೂ ‘ಮಿಲ್’.

ಈಗ ಒಣ ಜಲಪಾತದ ವಿಷಯಕ್ಕೆ ಬರೋಣ. ನೀರಿಗೆ ಗಿರಣಿ ಒಂದೇ ಗಿರಾಕಿಯಲ್ಲ. ದೊಡ್ಡ ಬರದ ನಂತರ ಸರ್ಕಾರವೂ ಘಟಪ್ರಭೆಯ ಕಡೆ ತಿರುಗಿತು. ಫಾಲ್ಸ್‌ಗಿಂತ ಮೇಲೆ ಧೂಪದಾಳದಲ್ಲಿ 19ನೇ ಶತಮಾನದ ಕೊನೆಯ ಹೊತ್ತಿಗೆ ನದಿಗೆ ಅಡ್ಡಲಾಗಿ ಒಡ್ಡು ಕಟ್ಟಿ ಎಡದಂಡೆಗೆ ಕಾಲುವೆ ತೆಗೆದರು. ಸ್ವಾತಂತ್ರ್ಯದ ನಂತರ ಆ ಕಾಲುವೆ ಉದ್ದವಾಯಿತು. ಇನ್ನೂ ಮೇಲೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ 51 ಟಿಎಂಸಿ ಹಿಡಿಯುವ ದೊಡ್ಡ ಜಲಾಶಯ ಬಂತು. ಅದಕ್ಕೆ ರಾಜಾ ಲಖಮಗೌಡರ ಹೆಸರಿದೆ.

ಹಾಗಾಗಿ ಇವತ್ತಿನ ಲೆಕ್ಕ ಹೀಗಿದೆ. ಮಳೆಗಾಲದ ನೀರನ್ನು ಹಿಡಕಲ್ ಹಿಡಿದಿಟ್ಟುಕೊಳ್ಳುತ್ತದೆ. ಬಲದಂಡೆ ಕಾಲುವೆ ಅಲ್ಲಿಂದಲೇ ಹೊರಡುತ್ತದೆ. ಹೊಳೆಗೆ ಬಿಟ್ಟ ನೀರನ್ನು ಧೂಪದಾಳದಲ್ಲಿ ಎಡದಂಡೆ ಕಾಲುವೆ ಎಳೆದುಕೊಳ್ಳುತ್ತದೆ. ಇಷ್ಟೆಲ್ಲ ಆಗಿ ಉಳಿದದ್ದು ಫಾಲ್ಸ್‌ಗೆ. ಬೇಸಿಗೆಯಲ್ಲಿ ಬಂಡೆ ಬರಿದಾಗಿ ಕಂಡರೆ ಆ ನೀರು ಕಳೆದುಹೋಗಿಲ್ಲ. ಅದು ರಾಯಬಾಗ, ಮುಧೋಳ, ಜಮಖಂಡಿಯ ಕಬ್ಬಿನ ಗದ್ದೆಯಲ್ಲಿದೆ. ಒಂದು ಕಾಲಕ್ಕೆ ಬರಕ್ಕೆ ಖಾಲಿಯಾದ ಸೀಮೆ ಇವತ್ತು ಸಕ್ಕರೆ ಕಾರ್ಖಾನೆಗಳ ಸೀಮೆ. ನೋಡಲು ಬಂದವರಿಗೆ ನಿರಾಸೆಯಾಗುವುದು ನಿಜ. ಆದರೂ ಆ ಬರ ಕಂಡ ನಾಡಿನಲ್ಲಿ ಹೊಲಕ್ಕೆ ಮೊದಲ ಪಾಲು ಸಿಗುವುದನ್ನು ನಾನು ತಪ್ಪು ಅನ್ನಲಾರೆ. ಕಬ್ಬೊಂದೇ ಅಷ್ಟು ನೀರು ಕುಡಿಯಬೇಕೇ ಅನ್ನುವ ಪ್ರಶ್ನೆ ಮಾತ್ರ ಉಳಿಯುತ್ತದೆ.

ನೀರು ಹಿಡಿದಿಟ್ಟ ಮಾತ್ರಕ್ಕೆ ನದಿ ಮಾತು ಕೇಳುತ್ತದೆ ಎಂದೂ ಅಲ್ಲ. 2019ರ ಆಗಸ್ಟ್‌ನಲ್ಲಿ ಹಿಡಕಲ್‌ನಿಂದ ಬಿಟ್ಟ ನೀರು, ಹಿರಣ್ಯಕೇಶಿಯ ನೀರು, ಊರಿನ ಹತ್ತಿರ ಬಂದು ಸೇರುವ ಮಾರ್ಕಂಡೇಯದ ನೀರು ಒಟ್ಟಿಗೆ ನುಗ್ಗಿದವು. ಲೋಳಸೂರ ಸೇತುವೆ ಮುಳುಗಿತು. ಗೋಕಾಕ ಪೇಟೆಯ ಓಣಿಗಳಲ್ಲಿ ದೋಣಿ ಓಡಿದವು. ಹೊಳೆ ಹತ್ತಿರದ ತಗ್ಗಿನ ಮನೆಗಳವರು ಕಾಳುಕಡಿ, ಪಾತ್ರೆ, ದನ ಎಲ್ಲ ಕಳೆದುಕೊಂಡರು. ಇದೇ ನದಿಯ ಕೆಳಗಿನ ದಂಡೆಯಲ್ಲಿರುವ ಬಾಗಲಕೋಟೆಯದು ಇನ್ನೊಂದು ಥರದ ನೋವು. ಆಲಮಟ್ಟಿಯ ಹಿನ್ನೀರಿಗೆ ಹಳೆ ಊರಿನ ತಗ್ಗಿನ ಭಾಗಗಳು ಹೋಗಿ, ಜನ ನವನಗರಕ್ಕೆ ಸಂಸಾರ ಸಾಗಿಸಬೇಕಾಯಿತು.

ಹೋಗುವವರು ಜುಲೈಯಿಂದ ಸೆಪ್ಟೆಂಬರ್ ನಡುವೆ ಹೋಗಿ. ಬೆಳಗಾವಿಯಿಂದ 60 ಕಿ.ಮೀ. ಆಸುಪಾಸು. ನೀರು ಜಾಸ್ತಿ ಇದ್ದಾಗ ಸೇತುವೆಗೆ ಬಿಡದಿದ್ದರೆ ವಾದ ಮಾಡಬೇಡಿ, ಅಂಚಿಗಂತೂ ಹೋಗಲೇಬೇಡಿ, ಹಸಿ ಬಂಡೆ ಜಾರುತ್ತದೆ. ಸಮಯ ಇದ್ದರೆ ಮಾರ್ಕಂಡೇಯ ನದಿಯ ಗೊಡಚಿನಮಲ್ಕಿ ಜಲಪಾತಕ್ಕೂ ಹೋಗಿಬನ್ನಿ. ವಾಪಸ್ ಬರುವಾಗ ಊರಲ್ಲಿ ಕರದಂಟು ಕಟ್ಟಿಸಿಕೊಳ್ಳಿ. ಆದರೆ ಫಾಲ್ಸ್ ಹತ್ತಿರ ನಿಂತಾಗ ನೀರಿನ ಜೊತೆ ಗಿರಣಿಯನ್ನೂ ನೋಡಿ. ಕೊಳವೆ ಎಲ್ಲಿಂದ ಇಳಿಯುತ್ತದೆ, ವಿದ್ಯುತ್ ಮನೆ ಎಲ್ಲಿದೆ, ಗುಡಿ ಎಲ್ಲಿದೆ ಎಂದು ಹುಡುಗರಿಗೆ ಬೆರಳು ಮಾಡಿ ತೋರಿಸಿ.

ನನಗೆ ಇನ್ನೊಂದು ಆಸೆ ಇದೆ. ಗಿರಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರು ಕೊಣ್ಣೂರು, ಗೋಕಾಕ ಕಡೆ ಇನ್ನೂ ಇದ್ದಾರೆ. ಬೆಳಗಾವಿ, ಧಾರವಾಡದ ಇತಿಹಾಸ ಓದುವ ವಿದ್ಯಾರ್ಥಿಗಳು ರಜೆಯಲ್ಲಿ ಬಂದು ಅವರ ಮಾತನ್ನು ದಾಖಲು ಮಾಡಿಕೊಳ್ಳಬೇಕು. ಮೊದಲ ಪಾಳಿಗೆ ಎಷ್ಟು ಹೊತ್ತಿಗೆ ಏಳುತ್ತಿದ್ದರು, ಗಾಳಿ-ಮಳೆಯಲ್ಲಿ ಸೇತುವೆ ಹೇಗೆ ದಾಟುತ್ತಿದ್ದರು, ಬೇಸಿಗೆಯಲ್ಲಿ ನೀರು ತಗ್ಗಿದಾಗ ಗಿರಣಿ ಏನು ಮಾಡುತ್ತಿತ್ತು, ಯಾವ ಯಂತ್ರಕ್ಕೆ ಕನ್ನಡದಲ್ಲಿ ಏನೆಂದು ಕರೆಯುತ್ತಿದ್ದರು ಎಂಬುದೆಲ್ಲ ಕಂಪನಿಯ ಕಡತದಲ್ಲಿ ಸಿಗುವ ವಿಷಯವಲ್ಲ. ಅದನ್ನು ಅವರ ಬಾಯಿಂದಲೇ ಕೇಳಬೇಕು, ಅದೂ ಬೇಗ.